ಬೇಸ್ ಗಿಟಾರಿನ ಎಡಗೈಗೆ ಹಳೆಯದೊಂದು ಪಾಠ



ಗಾಯನ ಮಂಡಳಿಯಲ್ಲಿ ಬೇಸ್ ಗಿಟಾರ್ ಹಿಡಿದ ನಮ್ಮಲ್ಲಿ ಹಲವರು, ಕೈ ಚಿಕ್ಕದು, ಬೆರಳು ಎಟಕುವುದಿಲ್ಲ ಎಂದು ಕೈಬಿಡುತ್ತೇವೆ. ಈ ತೊಡಕಿಗೆ ಪರಿಹಾರ ಆ ಗಿಟಾರಿಗಿಂತಲೂ ಹಳೆಯದು.

1951ರಲ್ಲಿ ಅಮೆರಿಕದ ಲಿಯೋ ಫೆಂಡರ್ 'ಪ್ರಿಸಿಷನ್ ಬೇಸ್' ತಂದರು. ಅದಕ್ಕೂ ಮೊದಲು ಬ್ಯಾಂಡುಗಳಲ್ಲಿ ಹೆಚ್ಚಾಗಿ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಅದಕ್ಕೆ ಫ್ರೆಟ್ಟುಗಳಿಲ್ಲ, ಸ್ವರದ ಜಾಗವನ್ನು ಕೈ, ಕಿವಿಗಳೇ ಹುಡುಕಬೇಕು. ಫ್ರೆಟ್ಟುಗಳಿಂದ ಸ್ವರ ನಿಖರವಾಯಿತು. ಪ್ರಿಸಿಷನ್ ಎಂದರೂ ನಿಖರತೆಯೇ. ಆದರೆ ಅದರ 34 ಅಂಗುಲದ ತಂತಿಯಲ್ಲಿ ಮೊದಲ ಫ್ರೆಟ್ಟಿನ ಅಂತರ ಸುಮಾರು 48 ಮಿ.ಮೀ., 12ನೆಯದರದು ಸುಮಾರು 26 ಮಿ.ಮೀ. ಎಲ್ಲೆಡೆಯೂ ಫ್ರೆಟ್ಟಿಗೊಂದು ಬೆರಳು ಚಾಚಿದರೆ ಕೈ ಬಿಗಿಯುತ್ತದೆ.

ವಿಯೆನ್ನಾದಲ್ಲಿ ಡಬಲ್ ಬೇಸ್ ಕಲಿಸಿದ ಫ್ರಾಂಟ್ಸ್ ಸಿಮಾಂಡ್ಲ್ (1840–1912) ಅವರ ಕ್ರಮ ಬೇರೆ: ತೋರುಬೆರಳು, ನಡುಬೆರಳು, ಕಿರುಬೆರಳು, ಉಂಗುರಬೆರಳು ಕಿರುಬೆರಳಿಗೆ ಆಸರೆ. ಮೊದಲ ಫ್ರೆಟ್ಟುಗಳ ಬಳಿ ನಾವೂ ಹೀಗೆ ಮೂರು ಫ್ರೆಟ್ಟು ಹಿಡಿದು, ನಾಲ್ಕನೆಯದಕ್ಕೆ ಕೈಯನ್ನೇ ಸರಿಸೋಣ. ಮೇಲೆ ಹೋದಂತೆ ಅಂತರ ಕಿರಿದಾಗುತ್ತದೆ. ಅಲ್ಲಿ ಫ್ರೆಟ್ಟಿಗೊಂದು ಬೆರಳು ಇಡಬಹುದು. ಫ್ರೆಟ್ಟಿನ ಪಟ್ಟಿಗೆ ಹತ್ತಿರ, ಅದರ ಹಿಂದೆಯೇ ಒತ್ತಿದರೆ ಕಡಿಮೆ ಬಲ ಸಾಕು. ಹೆಬ್ಬೆರಳು ಸಡಿಲವಾಗಿರಲಿ, ನೋವಾದರೆ ನಿಲ್ಲಿಸೋಣ.

ಕೈ ಚಿಕ್ಕದೆಂದು ಯಾರೂ ಬೇಸ್ ಬಿಡಬೇಕಾಗಿಲ್ಲ.