ಹಬ್ಬದ ಮರುದಿನದ ಮಾಂಸ

ಹಬ್ಬದ ಊಟವನ್ನು ವರ್ಣಿಸುವ ಬರಹಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಹಬ್ಬದ ಮರುದಿನ ಅಡುಗೆಮನೆಯಲ್ಲಿ ನಡೆಯುವುದೇನು ಎಂಬುದರತ್ತ ಚರಿತ್ರೆ ಬರೆಯುವವರ ಕಣ್ಣು ಹೋಗಿರುವುದು ಕಡಿಮೆ. ಕ್ರಿಸ್ತಜಯಂತಿಯ ದಿನ ಮೇಜಿನ ನಡುವೆ ಮೆರೆದ ಹ್ಯಾಮ್, ಅಂದರೆ ಉಪ್ಪುಗಟ್ಟಿಸಿ ಹದಗೊಳಿಸಿದ ಹಂದಿಯ ತೊಡೆ, ಮರುದಿನ ಮೂಳೆಗೆ ಅಂಟಿದ ಚೂರುಪಾರು ಮಾಂಸವಾಗಿ ಉಳಿಯುತ್ತದೆ. ಅದನ್ನು ಸಣ್ಣಗೆ ಕೊಚ್ಚಿ, ಬೆಣ್ಣೆ ಸಾಸಿವೆಗಳೊಡನೆ ಅರೆದು ಬ್ರೆಡ್ಡಿಗೆ ಸವರಿಕೊಳ್ಳುವುದು ಆಂಗ್ಲ ಮನೆಗಳ ಹಳೆಯ ರೂಢಿ. ಕುಕನೂರಿನ ಜೋಳದ ಸೀಮೆಯಲ್ಲಿ ಈ ಮಾತೇಕೆ ಎಂದು ತಾವು ಕೇಳಬಹುದು. ಕುಕನೂರಿನ ಸಂತೆಯಲ್ಲಿ ಹ್ಯಾಮ್ ಹುಡುಕುವುದು ವ್ಯರ್ಥವೇ ಸರಿ. ಆದರೆ ಹಂದಿಮಾಂಸದ ಪಾಕವನ್ನು ವಿವರವಾಗಿ ಬರೆಸಿಟ್ಟ ಅರಸರಲ್ಲಿ ಒಬ್ಬನು ಆಳಿದ ನೆಲ ಇದೇ ಎಂಬುದನ್ನು ಬಲ್ಲವರು ಎಷ್ಟು ಮಂದಿ?

ಕುಕನೂರು ಬೆಳ್ವೊಲ ಮುನ್ನೂರರ ಪ್ರಸಿದ್ಧ ಅಗ್ರಹಾರವಾಗಿತ್ತು. ಅಲ್ಲಿನ ನವಲಿಂಗ ಗುಡಿಗಳು ರಾಷ್ಟ್ರಕೂಟರ ಕಾಲದವು. ಊರಿನಿಂದ ಕೆಲವೇ ಮೈಲಿ ದೂರದ ಇಟಗಿಯಲ್ಲಿ 1112ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ದೇವಾಲಯವನ್ನು ತಾವು ನೋಡಿರಬಹುದು. ಆ ದಂಡನಾಯಕನ ಒಡೆಯ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ. ಅವನ ಮಗ ಮೂರನೆಯ ಸೋಮೇಶ್ವರನು 1126ರಲ್ಲಿ ಪಟ್ಟಕ್ಕೆ ಬಂದು, ಕೆಲವೇ ವರ್ಷಗಳಲ್ಲಿ ನೂರು ಅಧ್ಯಾಯಗಳ 'ಮಾನಸೋಲ್ಲಾಸ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಅದರ ಅನ್ನಭೋಗ ಪ್ರಕರಣದಲ್ಲಿ ದೋಸೆ, ಇಡ್ಲಿ, ವಡೆಗಳ ಪೂರ್ವಜರು ಇದ್ದಾರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಪ್ರಕರಣದಲ್ಲಿ ಹಂದಿಯೂ ಇದೆ ಎಂಬುದನ್ನು ಹೇಳುವಾಗ ನಮ್ಮ ದನಿ ತಗ್ಗುತ್ತದೆ. ಬಿಸಿನೀರು ಹೊಯ್ದು ಅಥವಾ ಮಣ್ಣು ಬಳಿದು ಹುಲ್ಲಿನ ಬೆಂಕಿಯಲ್ಲಿ ಸುಟ್ಟು ಹಂದಿಯ ಕೂದಲನ್ನು ತೆಗೆಯುವ ಬಗೆ, ಮಾಂಸವನ್ನು ತುಂಡರಿಸಿ ಕೆಂಡದ ಮೇಲೆ ಬೇಯಿಸುವ ಬಗೆ, ಉಪ್ಪು ಹುಳಿ ಮಸಾಲೆಗಳನ್ನು ಕೂಡಿಸುವ ಬಗೆ ಎಲ್ಲವೂ ಅರಮನೆಯ ಭೋಗಗಳ ಸಾಲಿನಲ್ಲಿ ಸಂಕೋಚವಿಲ್ಲದೆ ಬಂದಿವೆ. ಅರಸನ ಎಲೆಯ ಮೇಲೆ ಅದು ಭೋಗ. ಮುಂದೆ ಬಡವನ ತಟ್ಟೆಯಲ್ಲಿ ಅದೇ ಹೀನವೆನಿಸಿತು. ಈ ತಿರುವನ್ನು ನಮ್ಮ ಆಹಾರದ ಚರಿತ್ರೆ ಬರೆಯುವವರು ಇನ್ನಷ್ಟು ಧೈರ್ಯದಿಂದ ನೋಡಬೇಕಾಗಿದೆ.

ಕನ್ನಡದಲ್ಲಿ ಬರೆದ ಪಾಕಗ್ರಂಥಗಳ ದಾರಿ ಬೇರೆ. 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದ ಅಡುಗೆಯ ಭಾಗವೂ, ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ 'ಸೂಪಶಾಸ್ತ್ರ'ವೂ ಸಸ್ಯಾಹಾರದ ಪಾಕಗಳನ್ನು ಹೇಳುತ್ತವೆ. ಜೈನ ಧರ್ಮವೂ ಅನಂತರ ಶರಣರ ಧರ್ಮವೂ ಬೇರೂರಿದ ಸೀಮೆಯಲ್ಲಿ ಬರೆಯಬಲ್ಲವರ ಕೈಯಿಂದ ಬಂದದ್ದು ಆ ಊಟವೇ. ಮಾಂಸವುಣ್ಣುವ ಮನೆಗಳ ಪಾಕ ಬರಹಕ್ಕೆ ಬರಲಿಲ್ಲ. ಅದು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲಿಯೇ ಸಾಗಿತು.

ಉಳಿದ ಊಟವನ್ನು ಕುರಿತು ಕನ್ನಡಕ್ಕೆ ಇರುವಷ್ಟು ಸೂಕ್ಷ್ಮ ವಿವೇಚನೆ ಎಲ್ಲ ಭಾಷೆಗಳಿಗೂ ಇರಲಾರದು. ಪಾತ್ರೆಯಲ್ಲಿ ಉಳಿದದ್ದು ಮಿಕ್ಕದ್ದು. ರಾತ್ರಿ ಕಳೆದರೆ ತಂಗಳು. ಬಾಯಿ ಸೋಂಕಿದರೆ ಎಂಜಲು. ಕೆಟ್ಟರೆ ಹಳಸಿದ್ದು. ಮಿಕ್ಕದ್ದನ್ನು ನೆಂಟರಿಗೂ ಕಟ್ಟಿಕೊಡಬಹುದು. ಎಂಜಲನ್ನು ಕೊಟ್ಟರೆ ಅದು ಅವಮಾನ. ಇವೆರಡರ ನಡುವಿನ ಗೆರೆ ತೆಳುವಾದದ್ದು. ಈ ದೇಶದಲ್ಲಿ ಆ ಗೆರೆಯನ್ನು ಬೇಕೆಂದೇ ಅಳಿಸಿ, ಉಂಡವರ ಎಲೆಯಲ್ಲಿ ಉಳಿದದ್ದನ್ನೇ ದುಡಿದವರಿಗೆ ಕೂಲಿಯಂತೆ ಕೊಟ್ಟದ್ದುಂಟು. ಹಿಂದಿ ಲೇಖಕ ಓಂಪ್ರಕಾಶ್ ವಾಲ್ಮೀಕಿಯವರು 1997ರಲ್ಲಿ ಪ್ರಕಟಿಸಿದ ತಮ್ಮ ಆತ್ಮಕಥೆಗೆ ಎಂಜಲು ಎಂಬ ಅರ್ಥದ 'ಜೂಠನ್' ಎಂಬ ಹೆಸರನ್ನೇ ಇಟ್ಟರು. ಆದ್ದರಿಂದ ಹಬ್ಬದ ಮರುದಿನದ ಮಾಂಸದ ಮಾತು ಬರಿಯ ರುಚಿಯ ಮಾತಲ್ಲ. ಉಳಿದದ್ದನ್ನು ಯಾರು, ಯಾವಾಗ, ಹೇಗೆ ಉಣ್ಣುತ್ತಾರೆ ಎಂಬುದರಲ್ಲಿ ಒಂದು ಸಮಾಜದ ಒಳಗು ಕಾಣುತ್ತದೆ.

ಉತ್ತರ ಕರ್ನಾಟಕದಲ್ಲಿ ಹಬ್ಬದ ಮರುದಿನಕ್ಕೆ ಹೆಸರೇ ಇದೆ: ಕರಿ. ಹಬ್ಬದ ದಿನ ಹೋಳಿಗೆ ಉಂಡ ಎಷ್ಟೋ ಮನೆಗಳಲ್ಲಿ ಮಾಂಸದ ಅಡುಗೆ ಕರಿಯ ದಿನಕ್ಕೆ. ಹೋಳಿಗೆಯ ಬೇಳೆ ಬಸಿದ ಕಟ್ಟಿನಿಂದ ಮಾಡಿದ ಸಾರು ಮರುದಿನವೇ ಹೆಚ್ಚು ರುಚಿಯೆಂದು ತಿಳಿದವರೆಲ್ಲ ಒಪ್ಪುತ್ತಾರೆ. ಇನ್ನು ಕೆಡದಂತೆ ಇಡುವ ವಿದ್ಯೆಯಲ್ಲಿ ಈ ಸೀಮೆ ಯಾರಿಗೂ ಕಡಿಮೆಯಲ್ಲ. ತೇವವೆಲ್ಲ ಆರುವಂತೆ ಸುಟ್ಟ ಕಟಕ ರೊಟ್ಟಿ ವಾರಗಟ್ಟಲೆ ಇರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ತಾಯಂದಿರು ಲಕ್ಷಗಟ್ಟಲೆ ರೊಟ್ಟಿಗಳನ್ನು ಮೊದಲೇ ಬಡಿದು ಕಳಿಸುವುದು ಸಾಧ್ಯವಾಗುವುದು ಈ ಗುಣದಿಂದಲೇ. ರೊಟ್ಟಿಗೆ ಸವರಿಕೊಳ್ಳುವ ಕೆಂಪು ಖಾರ, ಅಂದರೆ ರಂಜಕ, ಹಣ್ಣು ಮೆಣಸಿನಕಾಯಿ, ಉಪ್ಪು, ಹುಳಿ, ಬೆಳ್ಳುಳ್ಳಿಗಳನ್ನು ಅರೆದ ಲೇಪ. ಬ್ರೆಡ್ಡಿಗೆ ಹ್ಯಾಮಿನ ಲೇಪ ಏನೋ, ರೊಟ್ಟಿಗೆ ರಂಜಕ ಅದೇ ಆಗಿದೆ: ಒಣಗಿದ ರೊಟ್ಟಿಗೆ ಜೀವ ತುಂಬುವ, ಗಡಿಗೆಯಲ್ಲಿ ಕಾದು ಕುಳಿತಿರುವ ಒಂದು ನೆರವು.

ಆ ಮೆಣಸಿನಕಾಯಿಯೂ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಿಂದ ಅದನ್ನು ಹಡಗಿನಲ್ಲಿ ತಂದವರು ಪೋರ್ಚುಗೀಸರು. ಅವರ ಹಡಗುಗಳಲ್ಲಿಯೇ ಮಾಂಸವನ್ನು ಕೆಡದಂತೆ ಇಡುವ ಇನ್ನೊಂದು ವಿದ್ಯೆಯೂ ಗೋವೆಗೆ ಬಂದಿತು. ದ್ರಾಕ್ಷಾರಸದಲ್ಲಿಯೂ ಬೆಳ್ಳುಳ್ಳಿಯಲ್ಲಿಯೂ ಹಂದಿಮಾಂಸವನ್ನು ನೆನೆಯಿಟ್ಟು ದೀರ್ಘ ಪ್ರಯಾಣಕ್ಕೆ ಒಯ್ಯುವ ಪದ್ಧತಿ ಅವರದು. ಗೋವೆಯಲ್ಲಿ ದ್ರಾಕ್ಷಾರಸದ ಸ್ಥಾನಕ್ಕೆ ತೆಂಗಿನ ಕಳ್ಳಿನ ವಿನೆಗರ್ ಬಂದಿತು, ಮೆಣಸಿನಕಾಯಿ ಸೇರಿತು. ಪೋರ್ಚುಗೀಸರ 'ವಿನ್ಯಾ ದಾಲ್ಯೋಸ್' ನಮ್ಮ ಬಾಯಲ್ಲಿ ವಿಂದಾಲು ಆಯಿತು. ಅವರ ಸಾರಪಾತೆಲ್ ಸೊರ್ಪೊತೆಲ್ ಆಯಿತು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಇದನ್ನು ಹಬ್ಬಕ್ಕೆ ಎರಡು ಮೂರು ದಿನ ಮೊದಲೇ ಮಾಡಿಟ್ಟು, ದಿನವೂ ಕುದಿಸಿ ಇಳಿಸುತ್ತಾರೆ. ಹುಳಿಯೂ ಖಾರವೂ ಮಾಂಸದೊಳಕ್ಕೆ ಇಳಿದು ದಿನದಿಂದ ದಿನಕ್ಕೆ ರುಚಿ ಏರುತ್ತದೆ. ಹಬ್ಬ ಮುಗಿದ ಮೇಲೆ ತಳದಲ್ಲಿ ಉಳಿದ ಗಟ್ಟಿಭಾಗವನ್ನು ಸಾನ್ನಗಳೊಡನೆಯೋ ಬ್ರೆಡ್ಡಿನ ನಡುವೆಯೋ ಇಟ್ಟು ತಿಂದವರಿಗೆ, ಹಬ್ಬದ ದಿನದ ಊಟಕ್ಕಿಂತ ಅದೇ ನೆನಪಿನಲ್ಲಿ ಉಳಿಯುತ್ತದೆ.

ಆದರೆ ಈ ಮಾಂಸದ ಹಿಂದೆ ನೋವಿನ ಅಧ್ಯಾಯವೂ ಇದೆ. ಅದನ್ನು ಮರೆಮಾಚುವುದು ಸತ್ಯಕ್ಕೆ ಒಪ್ಪುವಂಥದಲ್ಲ. ಪೇತ್ರನಿಗೆ ಕಂಡ ದರ್ಶನವನ್ನು ಪ್ರೇಷಿತರ ಕಾರ್ಯಕಲಾಪಗಳ ಹತ್ತನೆಯ ಅಧ್ಯಾಯದಲ್ಲಿ ತಾವು ಓದಿದ್ದೀರಿ. ಯಾವ ಆಹಾರವೂ ಅಶುದ್ಧವಲ್ಲವೆಂಬ ಆ ಬಿಡುಗಡೆಯನ್ನು ಮುಂದಿನ ಶತಮಾನಗಳು ಬಲವಂತವಾಗಿ ಮಾರ್ಪಡಿಸಿದವು. ಸ್ಪೇನ್, ಪೋರ್ಚುಗಲ್ ದೇಶಗಳಲ್ಲಿ ಹಂದಿಮಾಂಸ ಒಲ್ಲೆನೆಂದವನನ್ನು ಗುಟ್ಟಾಗಿ ಹಳೆಯ ಧರ್ಮವನ್ನು ಪಾಲಿಸುತ್ತಿರುವವನೆಂದು ಶಂಕಿಸಲಾಯಿತು. ಗೋವೆಯಲ್ಲಿ 1560ರಲ್ಲಿ ಸ್ಥಾಪನೆಯಾದ ಧಾರ್ಮಿಕ ನ್ಯಾಯಾಲಯವು 1736ರ ಆಜ್ಞೆಯಲ್ಲಿ ಅನ್ನವನ್ನು ಉಪ್ಪು ಹಾಕದೆ ಬೇಯಿಸುವುದನ್ನೂ ನಿಷೇಧಿಸಿತು. ಅಡುಗೆಮನೆಯ ಉಪ್ಪಿನ ಮರಿಗೆಯೊಳಗೂ ಕೈಯಿಟ್ಟ ಅಧಿಕಾರ ಅದು. ಇಂಥ ಒತ್ತಡಗಳಿಂದಲೂ ಕ್ಷಾಮ, ಯುದ್ಧ, ತೆರಿಗೆಗಳಿಂದಲೂ ಬೇಸತ್ತು ಅಲೆಅಲೆಯಾಗಿ ಕೆನರಾ ಕರಾವಳಿಗೆ ಬಂದ ಕುಟುಂಬಗಳ ಕೈಯಲ್ಲಿ ಅದೇ ಮಾಂಸ ಮನೆಯ ಹಬ್ಬದ ಸಂಭ್ರಮವಾಗಿ ಅರಳಿದ್ದು ಚರಿತ್ರೆಯ ವಿಚಿತ್ರಗಳಲ್ಲಿ ಒಂದು.

ಗೋವೆಯಿಂದ ಒಳನಾಡಿಗೂ ಧರ್ಮಪ್ರಚಾರಕರು ಬಂದರು. ಕುಕನೂರಿನಿಂದ ಬಹುದೂರವಲ್ಲದ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೇ, ಹದಿನಾರನೆಯ ಶತಮಾನದಿಂದ, ಕ್ರೈಸ್ತ ಸಮುದಾಯ ನೆಲೆಯೂರಿದೆ. ಮುಸಲ್ಮಾನ ಅರಸರು ಆ ದೇವಾಲಯಕ್ಕೆ ದತ್ತಿ ಕೊಟ್ಟದ್ದನ್ನು ಸ್ಮರಿಸಬೇಕು. ಆದರೆ ಗೋವೆಯ ವಿಶ್ವಾಸ ಘಟ್ಟ ಹತ್ತಿ ಬಂದಷ್ಟು ಸುಲಭವಾಗಿ ಗೋವೆಯ ಪಾಕ ಬರಲಿಲ್ಲ. ತೆಂಗಿಲ್ಲದ ಕಡೆ ಕಳ್ಳಿನ ವಿನೆಗರ್ ಎಲ್ಲಿಯದು? ಜೋಳದ ನಾಡಿನ ಊಟ ಜೋಳದ್ದೇ ಆಗಿ ಉಳಿಯಿತು. ಕೊಡಗಿನಲ್ಲಿ ಇನ್ನೊಂದು ಬಗೆ: ಅಲ್ಲಿ ಉಪ್ಪಾಗೆಯ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಬತ್ತಿಸಿದ ಕಾಚಂಪುಳಿ ಹಂದಿಮಾಂಸಕ್ಕೆ ಹುಳಿ ಕೊಡುತ್ತದೆ, ಮಳೆಗಾಲಕ್ಕೆಂದು ಒಲೆಯ ಮೇಲಿನ ಹೊಗೆಯಲ್ಲಿ ಮಾಂಸವನ್ನು ಒಣಗಿಸಿಡುವುದೂ ಉಂಟು. ಅದು ಹ್ಯಾಮಿಗೆ ಬಹು ಹತ್ತಿರದ ಸೋದರ.

ಹ್ಯಾಮ್ ಹುಟ್ಟಿದ್ದು ಚಳಿದೇಶಗಳ ಅಗತ್ಯದಿಂದ. ಚಳಿಗಾಲದಲ್ಲಿ ಮೇವು ಸಾಲದು. ಅದರ ಮೊದಲೇ ಹಂದಿಯನ್ನು ಕೊಯ್ದು ತೊಡೆಯನ್ನು ಉಪ್ಪಿನಲ್ಲಿ ಹೂಳಿಟ್ಟರೆ ಅದು ತಪಸ್ಸುಕಾಲ ಕಳೆದು ಪಾಸ್ಕಹಬ್ಬ ಬರುವ ವೇಳೆಗೆ ಹದವಾಗಿರುತ್ತಿತ್ತು. ಉಪ್ಪು ಮಾಂಸದ ನೀರನ್ನು ಎಳೆಯುತ್ತದೆ. ಜೊತೆಗೆ ಹಾಕುವ ಪೆಟ್ಲುಪ್ಪು ಮಾಂಸಕ್ಕೆ ಗುಲಾಬಿ ಬಣ್ಣ ಕೊಡುವುದಲ್ಲದೆ ವಿಷಕಾರಿ ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ನಮ್ಮ ಬಿಸಿಲಿನಲ್ಲಿ ಉಪ್ಪು ಮೂಳೆಯ ತನಕ ಇಳಿಯುವ ಮೊದಲೇ ಒಳಗಿನ ಮಾಂಸ ಕೊಳೆಯತೊಡಗುತ್ತದೆ. ಆದ್ದರಿಂದ 1809ರಲ್ಲಿ ನೆಲೆಗೊಂಡ ಬೆಂಗಳೂರಿನ ದಂಡಿಗೆ ಹ್ಯಾಮ್ ಬಹುಮಟ್ಟಿಗೆ ಹಡಗಿನಲ್ಲಿ ಬರಬೇಕಾಗಿತ್ತು. 1882ರಲ್ಲಿ ಆರಂಭವಾದ ವೈಟ್‌ಫೀಲ್ಡ್ ವಸಾಹತು, ಕೋಲಾರದ ಚಿನ್ನದ ಗಣಿಗಳ ಬಂಗಲೆಗಳು, ಎಲ್ಲೆಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿದ್ದವೋ ಅಲ್ಲೆಲ್ಲ ಅದು ಹಬ್ಬದ ದುಬಾರಿ ವಸ್ತು. ದುಬಾರಿಯಾದದ್ದರ ಒಂದು ಚೂರನ್ನೂ ಚೆಲ್ಲುವಂತಿರಲಿಲ್ಲ.

ಚೂರುಗಳನ್ನು ಉಳಿಸಿಕೊಳ್ಳಲು ಆಂಗ್ಲರು ಕಂಡುಕೊಂಡ ಉಪಾಯ ನಮ್ಮ ಉಪ್ಪಿನಕಾಯಿಯ ಜಾಡಿಯನ್ನು ನೆನಪಿಸುತ್ತದೆ. ಬೆಂದ ಮಾಂಸವನ್ನು ಒರಳಿನಲ್ಲಿ ಬೆಣ್ಣೆಯೊಡನೆ ಅರೆದು ಪುಟ್ಟ ಜಾಡಿಗೆ ಒತ್ತಿ ತುಂಬಿ, ಮೇಲೆ ತುಪ್ಪದಂತೆ ಕಾಯಿಸಿ ಸೋಸಿದ ಬೆಣ್ಣೆಯನ್ನು ಹೊಯ್ದು ಗಾಳಿ ಸೋಂಕದಂತೆ ಮುಚ್ಚುವುದು. ಉಪ್ಪಿನಕಾಯಿಯ ಮೇಲೆ ಎಣ್ಣೆ ತೇಲಬೇಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದೂ ಇದನ್ನೇ. 1868ರಲ್ಲಿ ಬಾಸ್ಟನ್ ನಗರದ ಅಂಡರ್‌ವುಡ್ ಕಂಪನಿಯವರು ಅರೆದ ಹ್ಯಾಮಿಗೆ ಖಾರ ಬೆರೆಸಿ ಡಬ್ಬಿಯಲ್ಲಿ ತುಂಬಿ ಮಾರತೊಡಗಿದರು. ಖಾರದ್ದೆಂದು ಸೂಚಿಸಲು ಡಬ್ಬಿಯ ಮೇಲೆ ಪುಟ್ಟದೊಂದು ಕೆಂಪು ಸೈತಾನನ ಚಿತ್ರವನ್ನೂ ಹಾಕಿದರು. ಕ್ರೈಸ್ತರ ಹಬ್ಬದ ಮಾಂಸಕ್ಕೆ ಸೈತಾನನ ಮುದ್ರೆ! ವ್ಯಾಪಾರಕ್ಕೆ ಇಂಥ ಸಂಕೋಚಗಳಿಲ್ಲ.

ಮನೆಯಲ್ಲಿ ಮಾಡಬಯಸುವವರಿಗೆ ಕ್ರಮ ಸುಲಭ. ಕಾಲು ಕಿಲೋ ಹ್ಯಾಮಿನಲ್ಲಿ ಗಟ್ಟಿಯಾದ ಅಂಚುಗಳನ್ನೂ ನಾರನ್ನೂ ತೆಗೆದು ಆದಷ್ಟು ಸಣ್ಣಗೆ ಕೊಚ್ಚಬೇಕು. ಸುಮಾರು 75 ಗ್ರಾಂ ಮೆತ್ತಗಿನ ಬೆಣ್ಣೆ, ಒಂದು ಚಿಕ್ಕ ಚಮಚ ಅರೆದ ಸಾಸಿವೆ, ಕರಿಮೆಣಸಿನ ಪುಡಿ, ವಿನೆಗರಿನಲ್ಲಿ ನೆನೆದ ಎಳೆಸೌತೆಯ ಚೂರು ಅಥವಾ ಕೆಲವು ಹನಿ ನಿಂಬೆರಸ ಕೂಡಿಸಿ ಅರೆಯಬೇಕು. ಬೇಯಿಸಿದ ಒಂದು ಮೊಟ್ಟೆ ಸೇರಿಸಿದರೆ ಉಪ್ಪಿನ ತೀಕ್ಷ್ಣತೆ ತಗ್ಗುತ್ತದೆ. ಬೇರೆ ಉಪ್ಪು ಬೇಡವೇ ಬೇಡ, ಹ್ಯಾಮಿನಲ್ಲಿರುವುದೇ ಸಾಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಮೇಲೆ ಬೆಣ್ಣೆ ಹೊಯ್ದು ಮುಚ್ಚಿದ ಮಾತ್ರಕ್ಕೆ ನಮ್ಮ ಹವೆಯಲ್ಲಿ ಇದು ಹೊರಗೆ ನಿಲ್ಲುವುದಿಲ್ಲ. ಗಾಳಿಯಿಲ್ಲದೆಡೆಯಲ್ಲಿಯೇ ಹೆಚ್ಚುವ ಸೂಕ್ಷ್ಮಾಣುಗಳೂ ಇವೆ. ಫ್ರಿಜ್ಜಿನಲ್ಲಿಟ್ಟು ಮೂರು ದಿನಗಳೊಳಗೆ ಮುಗಿಸುವುದು ಕ್ಷೇಮ. ಕಟಕ ರೊಟ್ಟಿಯ ಮೇಲೆ ಇದನ್ನು ಸವರಿ, ಬದಿಗೆ ಹಸಿ ಉಳ್ಳಾಗಡ್ಡಿ ಇಟ್ಟರೆ ಬ್ರೆಡ್ಡಿಗಿಂತ ಚೆನ್ನಾಗಿರುತ್ತದೆಂಬುದು ಈ ಲೇಖಕನ ಅಭಿಪ್ರಾಯ, ಒಪ್ಪಲೇಬೇಕೆಂಬ ಒತ್ತಾಯವಿಲ್ಲ.

ಫ್ರಿಜ್ಜು ಬಂದಮೇಲೆ ಇನ್ನೊಂದು ಬದಲಾವಣೆಯೂ ಆಗಿದೆ. ಅದಿಲ್ಲದ ಕಾಲದಲ್ಲಿ ಹಬ್ಬದ ಮಾಂಸ ಆ ದಿನವೇ ನೆರೆಮನೆಗಳಿಗೆ ಹಂಚಿಹೋಗಬೇಕಾಗಿತ್ತು. ಇಟ್ಟುಕೊಳ್ಳಲು ಸ್ಥಳವಿಲ್ಲದ್ದರಿಂದ ಔದಾರ್ಯ ತಾನಾಗಿ ಬರುತ್ತಿತ್ತು. ಈಗ ಮೊದಲು ಒಳಗಿಟ್ಟು, ನಾಲ್ಕನೆಯ ದಿನ ವಾಸನೆ ನೋಡಿ, ಅನಂತರ ಕೆಲಸದವರಿಗೆ ಕೊಡುವ ಮನೆಗಳನ್ನು ತಾವೂ ಬಲ್ಲಿರಿ. ಐದು ರೊಟ್ಟಿಗಳ ಅದ್ಭುತವನ್ನು ಹೇಳುವಾಗ ಯೊವಾನ್ನರು, ಉಳಿದ ತುಂಡುಗಳನ್ನು ಹಾಳಾಗದಂತೆ ಕೂಡಿಸಬೇಕೆಂದು ಯೇಸು ಹೇಳಿದ್ದನ್ನೂ, ಅವು ಹನ್ನೆರಡು ಬುಟ್ಟಿಗಳಾದದ್ದನ್ನೂ ದಾಖಲಿಸಿದ್ದಾರೆ. ಆ ಬುಟ್ಟಿಗಳು ಯಾರ ಮನೆಗೆ ಹೋದವೆಂಬುದನ್ನು ಅವರು ಬರೆದಿಲ್ಲ.

ಇಂಗ್ಲೆಂಡಿನಲ್ಲಿ ಡಿಸೆಂಬರ್ 26ರಂದು ಆಳುಗಳಿಗೂ ಕಸುಬಿನವರಿಗೂ ಪೆಟ್ಟಿಗೆಯಲ್ಲಿ ಹಬ್ಬದ ಕಾಣಿಕೆಯನ್ನು ಕಟ್ಟಿಕೊಡುವ ರೂಢಿಯಿತ್ತು. 1871ರ ಕಾನೂನು ಆ ದಿನವನ್ನು ಸಾರ್ವಜನಿಕ ರಜಾದಿನಗಳಲ್ಲಿ ಸೇರಿಸಿತು. ಧರ್ಮಸಭೆಯ ಪಂಚಾಂಗದಲ್ಲಿ ಅದು ಸಂತ ಸ್ತೇಫನರ ಹಬ್ಬ. ನಾವು ಅವರನ್ನು ಮೊದಲ ರಕ್ತಸಾಕ್ಷಿಯೆಂದು ಸ್ಮರಿಸುತ್ತೇವೆ. ಅದಕ್ಕೂ ಮೊದಲು ಅವರಿಗೆ ಒಪ್ಪಿಸಿದ್ದ ಕೆಲಸ ಬೇರೆಯೇ ಆಗಿತ್ತು. ದಿನದಿನದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಜೆರುಸಲೇಮಿನಲ್ಲಿ ಎದ್ದಾಗ, ಊಟದ ಹಂಚಿಕೆಯನ್ನು ನೋಡಿಕೊಳ್ಳಲು ಆರಿಸಿದ ಏಳು ಮಂದಿಯಲ್ಲಿ ಮೊದಲ ಹೆಸರು ಸ್ತೇಫನರದು.