ಕೆಲಸದ ವೇಳೆಯ ಹಲ್ಲೆ ಮತ್ತು ಪರಿಹಾರದ ಹಕ್ಕು: ಸಗರನಾಡಿನ ಹಿನ್ನೆಲೆಯಲ್ಲಿ

ಯಾದಗಿರಿ, ಶಹಾಪುರ, ಸುರಪುರಗಳ ಚರಿತ್ರೆಕಾರರು 1858ರ ಸುರಪುರದ ಹೋರಾಟದಲ್ಲಿ ಮಡಿದ ಕ್ಯಾಪ್ಟನ್ ನ್ಯೂಬೆರಿಯನ್ನು ಹೆಸರಿಸುತ್ತಾರೆ. ಗೋದಾಮು ಕಾಯುತ್ತ ಕಳ್ಳರಿಂದ ಪೆಟ್ಟು ತಿಂದ ಕಾವಲುಗಾರ ಆ ಪುಟಗಳಿಗೆ ಬರುವುದಿಲ್ಲ. ಅವನ ಚರಿತ್ರೆಯನ್ನು ಕಾಯಿದೆಗಳಲ್ಲಿ ಹುಡುಕಬೇಕು.

1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆ ರೂಪುಗೊಂಡದ್ದು ಬ್ರಿಟಿಷ್ ಭಾರತಕ್ಕಾಗಿ. ಈ ಸೀಮೆ ಆಗ ನಿಜಾಮನ ಆಳ್ವಿಕೆಯಲ್ಲಿತ್ತು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಉದ್ಯೋಗದ ಅವಧಿಯಲ್ಲಿ, ಉದ್ಯೋಗದ ಕಾರಣದಿಂದಲೇ ಒದಗಿದ ಅಪಘಾತಕ್ಕೆ ಮಾಲೀಕನೇ ಹೊಣೆ ಎಂಬುದು ಅದರ ತಿರುಳು. ಹಾಗಾದರೆ ಬೇಕೆಂದೇ ಮಾಡಿದ ಹಲ್ಲೆ ಅಪಘಾತವೆ? ಸಂಬಳದ ಹಣ ಒಯ್ಯುತ್ತಿದ್ದ ಖಜಾಂಚಿಯ ಕೊಲೆಯನ್ನು ಅಪಘಾತವೆಂದೇ ಇಂಗ್ಲೆಂಡಿನ ನ್ಯಾಯಾಲಯ ನಿಸ್ಬೆಟ್ ಪ್ರಕರಣದಲ್ಲಿ (1910) ಎಣಿಸಿತು. ಆಟೋ ಚಾಲಕನ ಕೊಲೆಗೆ ಸಂಬಂಧಿಸಿದ ರೀಟಾ ದೇವಿ ಪ್ರಕರಣದಲ್ಲಿ (2000) ನಮ್ಮ ಸರ್ವೋಚ್ಚ ನ್ಯಾಯಾಲಯವೂ ಆ ತರ್ಕವನ್ನು ಒಪ್ಪಿತು. ಆ ವ್ಯಕ್ತಿಯನ್ನೇ ಕೊಲ್ಲುವುದು ಮುಖ್ಯ ಉದ್ದೇಶವಾಗಿದ್ದರೆ ಮಾತ್ರ ಅದು ಬರಿಯ ಕೊಲೆ ಎಂದಿತು.

ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ 2009–10ರ ಹೊತ್ತಿಗೇ ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಮು ಜಾರಿಗೆ ಬಂದಿತು. ಅಪರಾಧಿ ಪತ್ತೆಯಾಗದಿದ್ದರೂ ಸಂತ್ರಸ್ತನು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸರ್ಕಾರದಿಂದ ಪರಿಹಾರ ಕೇಳಬಹುದಾಯಿತು. ಇಂದು ಮೊದಲ ಹಕ್ಕು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಎರಡನೆಯದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಲ್ಲಿ ಮುಂದುವರಿದಿವೆ. ಒಂದು ಮಾಲೀಕನ ಹೊಣೆ, ಇನ್ನೊಂದು ಪ್ರಭುತ್ವದ ಹೊಣೆ. ಒಂದನ್ನು ತೋರಿಸಿ ಇನ್ನೊಂದನ್ನು ಅಲ್ಲಗಳೆಯುವುದು ನ್ಯಾಯವಾಗಲಾರದು.