ವಿಂಡೋಸ್: ಅಳಿಸಬಹುದಾದದ್ದು, ಮುಟ್ಟಬಾರದ್ದು

ಹಳೆಯ ವಿಂಡೋಸ್ ಮೇಲೆ ಹೊಸ ಆವೃತ್ತಿ ಅಳವಡಿಸಿದ ಬಳಿಕ ಹಾರ್ಡ್ ಡಿಸ್ಕ್‌ನಲ್ಲಿ ಹಲವು ಗಿಗಾಬೈಟ್ ಜಾಗ ಏಕಾಏಕಿ ಕಡಿಮೆಯಾದರೆ, ಕಾರಣ ಬಹುತೇಕ ‘ವಿಂಡೋಸ್.ಓಲ್ಡ್’ ಫೋಲ್ಡರ್. ಹಿಂದಿನ ಆವೃತ್ತಿಗೆ ಮರಳಲು ಬೇಕಾದ ಕಡತಗಳು ಅದರಲ್ಲಿರುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ಸಾಮಾನ್ಯವಾಗಿ 10 ದಿನಗಳ ನಂತರ ಅದು ತಾನಾಗಿಯೇ ಅಳಿಯುತ್ತದೆ. ಅವಸರವಿದ್ದವರು ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿರುವ ‘ಟೆಂಪರರಿ ಫೈಲ್ಸ್’ ಮೂಲಕ ಮೊದಲೇ ತೆಗೆಯಬಹುದು. ಆದರೆ ಹಿಂದಿರುಗುವ ದಾರಿ ಅಲ್ಲಿಗೆ ಮುಚ್ಚುತ್ತದೆ. ಹೊಸ ಆವೃತ್ತಿಯಲ್ಲಿ ಪ್ರಿಂಟರ್ ಇತ್ಯಾದಿ ಸರಿಯಾಗಿ ನಡೆಯುವುದನ್ನು ಖಚಿತಪಡಿಸಿಕೊಳ್ಳುವವರೆಗೆ ಕಾಯುವುದೇ ಲೇಸು.

‘ವಿನ್‌ಎಸ್‌ಎಕ್ಸ್‌ಎಸ್’ ಫೋಲ್ಡರ್‌ನ ಮಾತೇ ಬೇರೆ. ಗಾತ್ರ ಕಂಡು ಗಾಬರಿಗೊಂಡು ಕೈಯಾರೆ ಅಳಿಸಿದರೆ ಕಂಪ್ಯೂಟರ್ ಮತ್ತೆ ಆರಂಭವಾಗದಿರಬಹುದು. ವಾಸ್ತವವಾಗಿ ಅಲ್ಲಿನ ಅನೇಕ ಕಡತಗಳೇ ವಿಂಡೋಸ್‌ನ ಇತರ ಫೋಲ್ಡರ್‌ಗಳಲ್ಲೂ ಕಾಣಿಸುತ್ತವೆ. ಒಂದೇ ಕಡತ ಎರಡೆಡೆ ಲೆಕ್ಕಕ್ಕೆ ಬರುವುದರಿಂದ ಗಾತ್ರ ದೊಡ್ಡದಾಗಿ ತೋರುತ್ತದೆ. ಅದನ್ನು ಹಗುರಗೊಳಿಸಲು ಮೇಲಿನ ಪಟ್ಟಿಯಲ್ಲೇ ಬರುವ ‘ವಿಂಡೋಸ್ ಅಪ್‌ಡೇಟ್ ಕ್ಲೀನಪ್’ ಆಯ್ಕೆಯನ್ನಷ್ಟೇ ಬಳಸಬೇಕು.